ಜಳಕಕ್ಕೆ ಕರೆದರೆ ಬೆಕ್ಕಾಗುವ ಮಗಳು

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಆರು ವರ್ಷವಿದ್ದಾಗ ಆಟಿಸಂ ಅಂತ ಡಾಕ್ಟರು ಹೇಳಿದ್ದರು. ಮಾತು ಚೆನ್ನಾಗಿ ಬರುತ್ತದೆ. ಬಸ್ಸು ಅಂದರೆ ಪ್ರಾಣ, ಯಾವ ಊರಿನ ಬಸ್ಸು ಎಷ್ಟು ಗಂಟೆಗೆ ಅಂತ ಬಾಯಿಪಾಠ. ಆದರೆ ಏನು ಹೇಳಿದರೂ ಮಾಡುವುದಿಲ್ಲ. ಜಳಕಕ್ಕೆ ಕರೆದರೆ "ನಾನು ಬೆಕ್ಕು, ಬೆಕ್ಕು ಜಳಕ ಮಾಡೂದಿಲ್ಲ" ಅಂತ ಮಂಚದ ಕೆಳಗೆ ಹೋಗುತ್ತಾಳೆ. ಶಾಲೆಗೆ ಹೊರಡು ಅಂದರೆ "ನನ್ನ ಕಾಲು ಸತ್ತಾವ" ಅನ್ನುತ್ತಾಳೆ. ಜೋರು ಮಾಡಿದರೆ ಕಿರುಚಾಟ, ಸಾಮಾನು ಎಸೆಯುವುದು. ಒಮ್ಮೆ ತಮ್ಮನಿಗೆ ಸ್ಟೀಲ್ ಲೋಟ ಬಡಿಯಿತು. ಚಾರ್ಟ್ ಮಾಡಿ ಸ್ಟಾರ್ ಹಚ್ಚಿದೆವು. ನಾಲ್ಕು ದಿನ ನಡೆಯಿತು, ಐದನೇ ದಿನ ಹರಿದು ಹಾಕಿದಳು. ಬನಶಂಕರಿ ಜಾತ್ರೆಗೆ ಹೋಗೋಣ ಅಂತ ತಾನೇ ಗಂಟು ಬಿದ್ದವಳು, ಹೊರಡುವ ದಿನ ಚಪ್ಪಲಿ ಸಹ ಹಾಕಲಿಲ್ಲ. ಶಾಲೆಯಲ್ಲಿ ಕೇಳಿದರೆ "ಭಾಳ ಶಾಣ್ಯಾಕಿ ಅದಾಳ್ರಿ, ಏನೂ ತ್ರಾಸ ಇಲ್ಲ" ಅನ್ನುತ್ತಾರೆ. ಆದರೆ ದಸರಾ ರಜೆ ಮುಗಿದ ಮೇಲೆ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಅತ್ತೆ "ಮುದ್ದು ಜಾಸ್ತಿ ಆಗೇತಿ, ಎರಡು ಬಿಟ್ರ ಸರಿ ಹೋಗ್ತಾಳ" ಅನ್ನುತ್ತಾರೆ. ನಾನೂ ಎರಡು ಸಲ ಹೊಡೆದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಯೂಟ್ಯೂಬಿನಲ್ಲಿ ಪಿಡಿಎ ಅನ್ನುವ ಹೆಸರು ಕೇಳಿದೆ. ಇದು ಅದೇನಾ, ಇಲ್ಲ ಬರೀ ಹಟಾನಾ? ಮುಂದಿನ ತಿಂಗಳು ಹೋಳಿ ಬೇರೆ. ಹಲಗೆ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಏನು ಮಾಡಲಿ?

ಉತ್ತರ: ತಂಗಿ, ನಮ್ಮ ಕಡೆ ಎರಡು ಮಾತಿವೆ. ಒಂದು "ಒಲ್ಲೆ". ಇನ್ನೊಂದು "ಆಗವಲ್ದು". ಮನಸ್ಸಿಲ್ಲದವರು ಒಲ್ಲೆ ಅನ್ನುತ್ತಾರೆ. ಮನಸ್ಸಿದ್ದೂ ಮೈ ಏಳದವರು ಆಗವಲ್ದು ಅನ್ನುತ್ತಾರೆ. ನಿಮ್ಮ ಮಗಳು ದಿನಕ್ಕೆ ನೂರು ಸಲ ಒಲ್ಲೆ ಅನ್ನುತ್ತಿರಬಹುದು. ಆದರೆ ಜಾತ್ರೆಯ ದಿನದ ಸಂಗತಿ ನೋಡಿ. ಆಕೆಗೆ ಜಾತ್ರೆ ಬೇಕಾಗಿತ್ತು. ತಾನೇ ಕೇಳಿದ್ದಳು. ಯಾರೂ ಒತ್ತಾಯ ಮಾಡಿರಲಿಲ್ಲ. ಆದರೂ ಚಪ್ಪಲಿ ಹಾಕಲು ಆಗಲಿಲ್ಲ. ಹಟಮಾರಿ ಮಗು ತನಗೆ ಬೇಕಾದ್ದಕ್ಕೆ ಹಟ ಮಾಡುತ್ತದೆ, ತನಗೆ ಬೇಕಾದ್ದನ್ನೇ ಕಳೆದುಕೊಳ್ಳಲು ಅಲ್ಲ. ಆ ದಿನ ಆಕೆ ಒಳಗೆ ಎಷ್ಟು ನೊಂದಿರಬೇಕು ಅಂತ ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿತು.

ಬರೀ ಪತ್ರ ಓದಿ ಯಾರೂ ರೋಗನಿರ್ಣಯ ಮಾಡಬಾರದು, ನಾನೂ ಮಾಡುವುದಿಲ್ಲ. ಆದರೆ ನೀವು ಬರೆದಿದ್ದು ಪಿಡಿಎ, ಅಂದರೆ "ಪೆಥಾಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್" (ಬೇಡಿಕೆಗಳಿಂದ ವಿಪರೀತ ತಪ್ಪಿಸಿಕೊಳ್ಳುವುದು) ಅನ್ನುವ ಸ್ವರೂಪಕ್ಕೆ ತುಂಬಾ ಹತ್ತಿರ ಇದೆ. ಈ ಹೆಸರು ಕೊಟ್ಟವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ನ್ಯೂಸನ್. 1980ರ ದಶಕದಲ್ಲಿ ಅವರ ಹತ್ತಿರ ಬರುತ್ತಿದ್ದ ಕೆಲವು ಮಕ್ಕಳು ಆಟಿಸಂನ ಮಾಮೂಲಿ ಚಿತ್ರಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ. ಮಾತು, ಕಲ್ಪನೆ ಎಲ್ಲ ಚೆನ್ನಾಗಿತ್ತು. ಆದರೆ ದಿನದ ಸಣ್ಣ ಸಣ್ಣ ಕೆಲಸಕ್ಕೂ ವಿಪರೀತ ತಪ್ಪಿಸಿಕೊಳ್ಳುತ್ತಿದ್ದರು. ಅದಕ್ಕೆ ಜಾಣತನದ ನೆಪ ಹೇಳುತ್ತಿದ್ದರು, ಬೇರೆ ಪಾತ್ರವಾಗಿ ಬದಲಾಗುತ್ತಿದ್ದರು, ಕೈಕಾಲು ಓಡುತ್ತಿಲ್ಲ ಅನ್ನುತ್ತಿದ್ದರು. ನ್ಯೂಸನ್ ಮತ್ತು ಜೊತೆಗಾರರ ಲೇಖನ 2003ರಲ್ಲಿ ಪ್ರಕಟವಾಯಿತು. ನಿಮ್ಮ ಮಗಳ ಬೆಕ್ಕು, "ಕಾಲು ಸತ್ತಾವ" ಎರಡೂ ಆ ವರ್ಣನೆಗೆ ಹೊಂದುತ್ತವೆ. ಅಲ್ಲಿ ಗಂಡು ಹೆಣ್ಣು ಮಕ್ಕಳು ಹೆಚ್ಚುಕಡಿಮೆ ಸಮನಾಗಿದ್ದರು ಅನ್ನುವುದನ್ನೂ ಹೇಳಬೇಕು. ಆಟಿಸಂ ಅಂದರೆ ಗಂಡು ಹುಡುಗರ ವಿಷಯ ಅಂತ ತಿಳಿದವರು ನಮ್ಮಲ್ಲಿ ಈಗಲೂ ಜಾಸ್ತಿ.

ಒಂದು ಮಾತು ನಿಮಗೆ ಮೊದಲೇ ತಿಳಿದಿರಲಿ. ಪಿಡಿಎ ಅನ್ನುವುದು ಪ್ರತ್ಯೇಕ ಕಾಯಿಲೆ ಅಂತ ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ 2013ರ ಡಿಎಸ್ಎಂ-5ರಲ್ಲಿ ಇಲ್ಲ, 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲೂ ಇಲ್ಲ. ಆದ್ದರಿಂದ ಯಾವುದಾದರೂ ಡಾಕ್ಟರು "ಅಂಥದ್ದೇನೂ ಇಲ್ಲ" ಅಂದರೆ ಬೇಸರ ಮಾಡಿಕೊಳ್ಳಬೇಡಿ. ಆಟಿಸಂ ಒಳಗೇ ಕಾಣುವ ಒಂದು ಬಗೆ ಅಂತ ತಿಳಿದುಕೊಂಡರೆ ಸಾಕು. ಹೆಸರಿನ ಬಗ್ಗೆಯೂ ತಕರಾರಿದೆ. ಮೂಲ ಹೆಸರಿನಲ್ಲಿ "ಪೆಥಾಲಾಜಿಕಲ್" ಅಂತ ಇದೆ, ಅಂದರೆ ರೋಗ. ಈ ಸ್ವರೂಪ ಇರುವ ದೊಡ್ಡವರು ಅನೇಕರು ಅದನ್ನು ಒಪ್ಪುವುದಿಲ್ಲ. ಅದೇ ಮೂರು ಅಕ್ಷರಕ್ಕೆ ಅವರು "ಪರ್ವೇಸಿವ್ ಡ್ರೈವ್ ಫಾರ್ ಅಟಾನಮಿ" ಅನ್ನುತ್ತಾರೆ. ನನ್ನ ಬದುಕಿನ ಹಗ್ಗ ನನ್ನ ಕೈಯಲ್ಲೇ ಇರಬೇಕು ಅನ್ನುವ ಬಿಡದ ತುಡಿತ ಅಂತ ಅರ್ಥ. ನನಗೂ ಈ ಅರ್ಥವೇ ಸರಿ ಅನ್ನಿಸುತ್ತದೆ.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ಬಾವಿ ಕಟ್ಟೆಯ ಮೇಲೆ ನಿಂತಿದ್ದೀರಿ. ಹಿಂದಿನಿಂದ ಯಾರೋ ಬೆನ್ನಿಗೆ ಕೈ ಇಟ್ಟರು. ಅವರು ಪ್ರೀತಿಯಿಂದಲೇ ಇಟ್ಟಿರಬಹುದು. ನೀವು ಯೋಚನೆ ಮಾಡುವ ಮೊದಲೇ ನಿಮ್ಮ ಮೈ ಹಿಂದಕ್ಕೆ ಜಗ್ಗುತ್ತದೆ, ಅಲ್ವಾ? ಈ ಮಕ್ಕಳಿಗೆ "ಇದನ್ನು ಮಾಡು" ಅನ್ನುವ ಮಾತು ಬೆನ್ನಿಗೆ ಇಟ್ಟ ಆ ಕೈಯಂತೆ. ಹಿಡಿತ ತಪ್ಪುತ್ತಿದೆ ಅಂತ ಮೈ ಹೆದರುತ್ತದೆ. ಹಾಗಾಗಿ ಮೊದಲು ನೆಪ. ಅದು ನಡೆಯದಿದ್ದರೆ ಬೆಕ್ಕು. ಅದೂ ನಡೆಯದಿದ್ದರೆ ಲೋಟ ಹಾರುತ್ತದೆ. ಇದನ್ನು ಆಕೆ ಲೆಕ್ಕ ಹಾಕಿ ಮಾಡುವುದಿಲ್ಲ.

ಬೇಡಿಕೆ ಅಂದರೆ ಬಾಯಿಂದ ಹೇಳಿದ್ದು ಮಾತ್ರ ಅಲ್ಲ. ಗಡಿಯಾರ ಒಂದು ಬೇಡಿಕೆ. ಮಂಚದ ಮೇಲೆ ಮಡಚಿಟ್ಟ ಯುನಿಫಾರ್ಮ್ ಒಂದು ಬೇಡಿಕೆ. ಹಸಿವು, ಶೌಚದ ಅವಸರ ಕೂಡ ಬೇಡಿಕೆಯೇ, ಮೈ ಒಳಗಿನಿಂದ "ಏಳು" ಅನ್ನುತ್ತದೆ. ಹೊಗಳಿಕೆ ಸಹ ಹಾಗೇ. "ಎಷ್ಟು ಚಂದ ಉಂಡಿ!" ಅಂದರೆ ನಾಳೆಯೂ ಹಾಗೇ ಉಣ್ಣಬೇಕು ಅನ್ನುವ ಭಾರ ಅದರಲ್ಲಿದೆ. ತಾನೇ ಆಸೆಪಟ್ಟ ಜಾತ್ರೆ ಕೂಡ, ದಿನ ಗೊತ್ತಾಗಿ, ಎಲ್ಲರೂ ತಯಾರಾಗಿ, "ನಡಿ ನಡಿ" ಅನ್ನುವ ಹೊತ್ತಿಗೆ, ಮಾಡಲೇಬೇಕಾದ ಕೆಲಸವಾಗಿಬಿಟ್ಟಿತು. ಬನಶಂಕರಿ ಜಾತ್ರೆ ಅಂದರೆ ಆ ಗದ್ದಲ, ಧೂಳು, ಮೈಕು, ತಿರುಗುವ ತೊಟ್ಟಿಲು ಬೇರೆ. ಸದ್ದಿಗೆ ಸೂಕ್ಷ್ಮ ಇರುವ ಮಗುವಿಗೆ ಅಲ್ಲಿ ಏನಾಗುತ್ತದೋ ಅನ್ನುವ ಅನುಮಾನವೇ ದೊಡ್ಡ ಭಯ.

ಸ್ಟಾರ್ ಚಾರ್ಟ್ ಹರಿದಿದ್ದಕ್ಕೂ ಇದೇ ಕಾರಣ. ಬಹುಮಾನ ಅಂದರೆ ಸಿಹಿ ಸವರಿದ ಬೇಡಿಕೆ. ಮೊದಲ ವರ್ಷಗಳಲ್ಲಿ ನಾನೂ ಇಂಥ ಮಕ್ಕಳ ಮನೆಯವರಿಗೆ ಚಾರ್ಟ್ ಬರೆದುಕೊಡುತ್ತಿದ್ದೆ. ಕೆಲವು ಮಕ್ಕಳಿಗೆ ಅದರಿಂದ ತ್ರಾಸ ಹೆಚ್ಚಾಯಿತು. ಆ ತಾಯಂದಿರು ಬಂದು "ಮೇಡಂ, ಹೆಚ್ಚಾಗೇತ್ರಿ" ಅಂದಾಗ, ನೀವು ಸರಿಯಾಗಿ ಮಾಡಿಲ್ಲ ಅಂದುಬಿಟ್ಟೆ. ತಪ್ಪು ಅವರದಾಗಿರಲಿಲ್ಲ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಹಾಗಾಗಿಯೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಶಾಣ್ಯಾಕಿ, ಮನೆಯಲ್ಲಿ ರಂಪಾಟ ಯಾಕೆ? ದೂರದ ನಲ್ಲಿಯಿಂದ ತುಂಬಿದ ಕೊಡ ಹೊತ್ತು ಬರುವವರು ದಾರಿಯಲ್ಲಿ ಒಂದು ಹನಿ ಚೆಲ್ಲುವುದಿಲ್ಲ. ಮನೆ ಹೊಸ್ತಿಲಿಗೆ ಬಂದ ಮೇಲೆ ಕೈ ಸೋಲುತ್ತದೆ. ಆಕೆಯೂ ಇಡೀ ದಿನ ಹಾಗೇ ಹೊತ್ತುಕೊಂಡು ಇರುತ್ತಾಳೆ. ಸುಮ್ಮನೆ ಕೂರುತ್ತಾಳೆ, ಬೇರೆ ಮಕ್ಕಳನ್ನು ನೋಡಿ ನೋಡಿ ಅವರಂತೆ ಮಾಡುತ್ತಾಳೆ. ಇದನ್ನು ಮಾಸ್ಕಿಂಗ್ ಅನ್ನುತ್ತಾರೆ. ನಿಮ್ಮ ಹತ್ತಿರ ಇಳಿಸುತ್ತಾಳೆ, ಯಾಕಂದರೆ ನೀವು ಆಕೆಗೆ ಭದ್ರ ಜಾಗ. ಇದು ನಿಮ್ಮ ಸೋಲಲ್ಲ. ರಜೆಯಲ್ಲಿ ಆ ಭಾರ ಇಳಿದಿತ್ತು. ಮತ್ತೆ ಎತ್ತಿಕೊಳ್ಳುವಾಗ ಮೈ ಬೇಡ ಅಂದಿತು. ದಸರಾ ಮುಗಿದ ಮೇಲೆ ಶಾಲೆ ತಪ್ಪಿದ್ದಕ್ಕೆ ಇದು ಒಂದು ಕಾರಣ ಇರಬಹುದು. ಆದರೆ ಶಾಲೆಯಲ್ಲಿ ಯಾರಾದರೂ ಕಾಡಿಸುತ್ತಿದ್ದಾರಾ, ಟೀಚರ್ ಬದಲಾದರಾ, ಜಾಗ ಬದಲಾಯಿತಾ ಅಂತ ಮೆಲ್ಲಗೆ ತಿಳಿದುಕೊಳ್ಳಿ. ಹಲ್ಲುನೋವು, ಮಲಬದ್ಧತೆ, ಕಿವಿನೋವು, ನಿದ್ದೆ ಇವನ್ನೂ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ತುಂಬಾ ಸಾಮಾನ್ಯ. ಎಷ್ಟೋ ಸಲ ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಮನೆಯಲ್ಲಿ ಏನು ಮಾಡಬೇಕು ಅನ್ನುವುದು. ಒಂದು ದಿನ ಬೆಳಿಗ್ಗೆ ಎದ್ದಾಗಿನಿಂದ ಶಾಲೆಯ ಹೊತ್ತಿನವರೆಗೆ ಮನೆಯವರೆಲ್ಲ ಸೇರಿ ಆಕೆಗೆ ಎಷ್ಟು ಸಲ "ಮಾಡು" ಅಂದಿರಿ ಅಂತ ಎಣಿಸಿ. ಏಳು, ಹಲ್ಲು ತಿಕ್ಕು, ಬಾ, ಕೂಡು, ಹಾಲು ಕುಡಿ, ಬಿಡು, ಲಗೂನ ಮುಗಿಸು. ನಮ್ಮ ಮನೆಗಳಲ್ಲಿ ಪ್ರೀತಿಯ ಭಾಷೆಯೇ ಇದು. ಅಜ್ಜಿ "ಉಣ್ಣು ನನ್ನವ್ವಾ, ಇನ್ನೊಂದು ರೊಟ್ಟಿ ಉಣ್ಣು" ಅಂದರೆ ಅದು ಮುದ್ದು. ಬೇರೆ ಮಕ್ಕಳು ಅದನ್ನು ಮುದ್ದು ಅಂತಲೇ ಕೇಳಿಸಿಕೊಳ್ಳುತ್ತಾರೆ. ನಿಮ್ಮ ಮಗಳ ಕಿವಿಗೆ ಅದು ಇನ್ನೊಂದು ತಳ್ಳು. ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ಸಂಶೋಧಕರು. 2012ರಲ್ಲಿ ಅವರು ಒಂದು ಮಾತು ಬರೆದರು. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗುವುದಿಲ್ಲ ಅನ್ನುವುದು ಅರ್ಧ ಮಾತು, ಉಳಿದವರಿಗೂ ಅವರು ಅರ್ಥವಾಗುವುದಿಲ್ಲ ಅಂತ. ಅಜ್ಜಿ ಮತ್ತು ಮೊಮ್ಮಗಳ ನಡುವೆ ಆಗುತ್ತಿರುವುದು ಇದೇ. ಅತ್ತೆಯವರನ್ನು ವಿರೋಧ ಕಟ್ಟಿಕೊಳ್ಳಬೇಡಿ. "ಮೈ ಹೆದರತೈತಿ ಅತ್ತಿ, ಹಟ ಅಲ್ಲ ಅಂತ ಡಾಕ್ಟರು ಹೇಳ್ಯಾರ" ಅನ್ನಿ. ನಂತರ ಅವರಿಗೊಂದು ಕೆಲಸ ಕೊಡಿ. ಬಸ್ಸಿನ ಹಳೇ ಕಥೆ ಹೇಳುವುದು, ಅವರ ಕಾಲದಲ್ಲಿ ಬಾದಾಮಿಗೆ ಹೇಗೆ ಹೋಗುತ್ತಿದ್ದರು ಅನ್ನುವುದು. ಏನನ್ನೂ ಮಾಡಿಸಲು ಹೋಗದೆ ಜೊತೆಗೆ ಸುಮ್ನೆ ಇರುವ ಒಬ್ಬ ಹಿರಿಯರು ಇಂಥ ಮಗುವಿಗೆ ದೊಡ್ಡ ಆಸರೆ.

ಎಣಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ಬಿಟ್ಟುಬಿಡಿ. ನಿಜವಾಗಿ ಬಿಟ್ಟುಬಿಡಿ. ಒಂದೆರಡು ತಿಂಗಳು ತಲೆ ಬಾಚದಿದ್ದರೆ ಏನಾಗುತ್ತದೆ? ಕೂದಲು ಗಿಡ್ಡ ಮಾಡಿಸಬಹುದು, ಆಕೆ ಒಪ್ಪಿದರೆ. ವಾರಕ್ಕೆ ಮೂರು ಜಳಕ ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಆಯಿತು. ಮಂಚದ ಕೆಳಗೇ ತಟ್ಟೆ ಹೋದರೂ ಹೋಗಲಿ. ರಸ್ತೆ, ಬೆಂಕಿ, ಔಷಧಿ, ತಮ್ಮನಿಗೆ ಪೆಟ್ಟು, ಈ ನಾಲ್ಕು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಅದನ್ನೂ ಜೋರು ದನಿಯಲ್ಲಿ ಅಲ್ಲ. ಲೋಟ ಎಸೆದವಳಿಗೆ ಉಪದೇಶ ಕೊಡುವುದಕ್ಕಿಂತ ತಮ್ಮನನ್ನು ಬೇಗ ಆಚೆ ಕರೆದುಕೊಂಡು ಹೋಗುವುದು ಮುಖ್ಯ. ಸ್ಟೀಲ್ ಸಾಮಾನು ಕೈಗೆ ಸಿಗದ ಕಡೆ ಇಟ್ಟು, ದಿಂಬು ಹತ್ತಿರ ಇಡಿ.

ಮಾಡಲೇಬೇಕಾದ್ದನ್ನು ಹೇಳುವ ರೀತಿ ಬದಲಿಸಿ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಚಂದದ ದಾರಿಗಳಿವೆ! "ಜಳಕ ಮಾಡು" ಅನ್ನಬೇಡಿ. ಆಕೆಯ ಕಡೆ ನೋಡದೆ, ಗಾಳಿಗೆ ಹೇಳಿದಂತೆ, "ನೀರು ಕಾದಾವ ಅಂತ ಕಾಣತೈತಿ" ಅನ್ನಿ. "ಆ ಹಸಿರು ಟಾವೆಲ್ ಎಲ್ಲಿ ಹೋತೋ ಏನೋ" ಅನ್ನಿ. ಅಷ್ಟು ಅಂದು ಸುಮ್ಮನಾಗಿ. ಉತ್ತರಕ್ಕೆ ಕಾಯಬೇಡಿ, ಕಾಯುವುದೂ ತಳ್ಳಿದಂತೆಯೇ. ಹತ್ತು ನಿಮಿಷ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಕೆಲವು ದಿನ ಆಗುವುದೇ ಇಲ್ಲ. ಆಗದ ದಿನ "ಇವತ್ತ ಬ್ಯಾಡ ಅನಸ್ತೈತಿ, ಇರಲಿ" ಅಂದು ನೀವೇ ಬಿಟ್ಟುಕೊಟ್ಟರೆ, ಸೋಲು ಗೆಲುವಿನ ಮಾತೇ ಬರುವುದಿಲ್ಲ.

ಬೆಕ್ಕನ್ನು ಜಗಳಕ್ಕೆ ಎಳೆಯಬೇಡಿ. "ನೀ ಬೆಕ್ಕಲ್ಲ, ಎದ್ದು ಬಾ" ಅಂದರೆ ಆಕೆಯ ಕೊನೆಯ ಆಸರೆ ಕಿತ್ತುಕೊಂಡಂತೆ. ಬೆಕ್ಕಿಗೆ ನೀರು ಬೇಡ, ಸರಿ. ಆದರೆ ಈ ಬೆಕ್ಕು ಬಸ್ಸಿನ ಕಂಡಕ್ಟರೂ ಆಗಿರಬಹುದಲ್ಲ? ನೀವು ಟಿಕೆಟ್ ಕೇಳುವ ಪ್ಯಾಸೆಂಜರ್ ಆಗಿ ನೋಡಿ. "ಬಚ್ಚಲಮನಿ ಸ್ಟಾಪಿಗೆ ಎಷ್ಟ್ರೀ ಟಿಕೆಟ್?" ಆಕೆ ರೈಟ್ ಅಂದರೆ ಬಸ್ಸು ಹೊರಡುತ್ತದೆ, ಬೇಡ ಅಂದರೆ ನಿಂತಿರುತ್ತದೆ. ಸ್ಟೇರಿಂಗ್ ಆಕೆಯ ಕೈಯಲ್ಲಿ. ಒಂದು ಎಚ್ಚರಿಕೆ ಮಾತ್ರ. ಇದನ್ನು ಮರುಳು ಮಾಡುವ ಉಪಾಯ ಅಂತ ಮಾಡಿದರೆ ಎರಡೇ ದಿನದಲ್ಲಿ ಹಿಡಿದುಬಿಡುತ್ತಾಳೆ, ಆಮೇಲೆ ಬಸ್ಸಿನ ಆಟದ ಮೇಲೂ ನಂಬಿಕೆ ಹೋಗುತ್ತದೆ. ಬಸ್ಸು ಆಕೆಯ ಪ್ರಾಣ ಅಂತ ನೀವೇ ಬರೆದಿದ್ದೀರಿ. ಜಳಕ ಆಗಲಿ ಬಿಡಲಿ, ನಿಮಗೂ ಆಟ ಖುಷಿ ಕೊಟ್ಟಾಗ ಮಾತ್ರ ಆಡಿ. ಬಿಡುವಿದ್ದ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ತಾಸು ಬಸ್ಸು ನೋಡುತ್ತಾ ಕೂತು ಬನ್ನಿ, ಬೇರೆ ಯಾವ ಕೆಲಸವೂ ಇಲ್ಲದೆ.

ಸ್ಫೋಟ ಆಗಿಬಿಟ್ಟಾಗ ಮಾತು ಕಡಿಮೆ ಮಾಡಿ. ಆ ಹೊತ್ತಿನಲ್ಲಿ ಬುದ್ಧಿಮಾತು ಕಿವಿಯೊಳಗೆ ಇಳಿಯುವುದಿಲ್ಲ. ನೋಡುತ್ತಾ ನಿಂತವರನ್ನು ಕಳಿಸಿ, ಫ್ಯಾನ್ ಹಾಕಿ, ಲೈಟ್ ಕಡಿಮೆ ಮಾಡಿ. "ನಾ ಇಲ್ಲೇ ಬಾಗಲದಾಗ ಕುಂತಿರ್ತೀನಿ" ಅಂದರೆ ಸಾಕು. ಮುಟ್ಟುವುದು ಆಕೆಗೆ ಬೇಕಿದ್ದರೆ ಮಾತ್ರ. ಮುಗಿದ ಮೇಲೆ "ಸಾರಿ ಹೇಳು" ಅನ್ನಬೇಡಿ, ಅದೂ ಒಂದು ಬೇಡಿಕೆ. ಪೂರ್ತಿ ತಣ್ಣಗಾಗಲು ಕೆಲವು ತಾಸು ಬೇಕು, ಕೆಲವೊಮ್ಮೆ ಮರುದಿನದವರೆಗೂ. ಆಮೇಲೆ ಎಂದಾದರೂ ನಡೆದಾಡುವಾಗ, ಪಕ್ಕಪಕ್ಕ ಕೂತಾಗ, "ಮೊನ್ನೆ ಏನು ಭಾಳ ಆಗಿತ್ತು ಅನಸ್ತೈತಿ ನಿನಗ?" ಅಂತ ಕೇಳಿ ನೋಡಿ. ಈ ಮಕ್ಕಳು ಎದುರು ಕೂತು ಹೇಳದ್ದನ್ನು ಪಕ್ಕ ಕೂತು ಹೇಳುತ್ತಾರೆ.

ನೀವು ಹೊಡೆದ ವಿಷಯ. ಸುಸ್ತಾಗಿ, ದಿಕ್ಕು ತೋಚದೆ ಕೈ ಎತ್ತಿದಿರಿ, ರಾತ್ರಿ ನಿದ್ದೆ ಬಿಟ್ಟಿರಿ. ಆಕೆಗೆ ನೇರವಾಗಿ ಹೇಳಿ, "ನಾ ಹೊಡದದ್ದು ತಪ್ಪಾತು." ಅಷ್ಟೇ, ಅದರ ಹಿಂದೆ "ಆದರ ನೀನೂ" ಅನ್ನುವುದು ಬರಬಾರದು. ಹೆದರಿದ ಮೈಯನ್ನು ಹೊಡೆದರೆ ಹೆದರಿಕೆ ಇನ್ನೂ ಏರುತ್ತದೆ. ಎರಡು ಬಿಟ್ಟರೆ ಸರಿ ಹೋಗುತ್ತಾಳೆ ಅನ್ನುವ ಮಾತಿಗೆ ನನ್ನ ಉತ್ತರ ಇಷ್ಟೇ. ವಾರದಲ್ಲಿ ಎರಡು ಮೂರು ತಾಸು ಗಂಡನಿಗೋ ತಂಗಿಗೋ ಮಗಳನ್ನು ಒಪ್ಪಿಸಿ ಹೊರಗೆ ಹೋಗಿ. ಇದನ್ನು ಔಷಧಿಯ ಚೀಟಿಯಂತೆ ಗೋಡೆಗೆ ಅಂಟಿಸಿ. ಮನಸ್ಸು ತೀರಾ ಭಾರವಾದ ದಿನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಶಾಲೆಗೆ ಒತ್ತಾಯದಿಂದ ಎತ್ತಿಕೊಂಡು ಹೋಗುವುದನ್ನು ಈಗಿಂದಲೇ ನಿಲ್ಲಿಸಿ. ಮೊದಲು ಒಬ್ಬ ಟೀಚರನ್ನು ಹಿಡಿಯಿರಿ, ಆಕೆಗೆ ಇಷ್ಟವಾದವರನ್ನು. ಹತ್ತು ನಿಮಿಷ ತಡವಾಗಿ ಬರಲು ಬಿಡಬೇಕು, ಪ್ರಾರ್ಥನೆಯ ಸಾಲು ಬೇಡ. ಸಾಕಾದಾಗ ಕೇಳದೆ ಎದ್ದು ಹೋಗಲು ಒಂದು ಜಾಗ ಬೇಕು. ಎಲ್ಲರ ಮುಂದೆ ಎಬ್ಬಿಸಿ ಪ್ರಶ್ನೆ ಕೇಳಬಾರದು, ಎಲ್ಲರ ಮುಂದೆ ಹೊಗಳಲೂಬಾರದು. ಹೋಮ್‌ವರ್ಕ್ ಸದ್ಯಕ್ಕೆ ನಿಲ್ಲಲಿ. ದಿನಕ್ಕೆ ಎರಡು ಪಿರಿಯಡ್ ಹೋಗಿ ಖುಷಿಯಿಂದ ಬಂದರೆ, ಅದು ಅತ್ತು ಕಳೆದ ಇಡೀ ದಿನಕ್ಕಿಂತ ಒಳ್ಳೆಯದು. ಶಾಲೆ ಒಪ್ಪದಿದ್ದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ, ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಮುಂದೆ ಪರೀಕ್ಷೆಗಳ ಹೊತ್ತಿಗೆ ಬೇಕಾಗುತ್ತದೆ.

ಪಿಡಿಎಗೆ ಅಂತ ಮಾತ್ರೆ ಇಲ್ಲ. ಆತಂಕ ಅಥವಾ ನಿದ್ದೆಯ ತೊಂದರೆ ತೀರಾ ಹೆಚ್ಚಿದ್ದರೆ ಮಕ್ಕಳ ಮನೋವೈದ್ಯರು ಯೋಚಿಸಿ ಔಷಧಿ ಕೊಡಬಹುದು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮಗೆ ಹತ್ತಿರ. ಹೋಗುವಾಗ "ಮಾತು ಕೇಳಲ್ಲ" ಅನ್ನಬೇಡಿ. ತಾನೇ ಬಯಸಿದ ಜಾತ್ರೆಗೂ ಹೋಗಲಾಗಲಿಲ್ಲ ಅನ್ನುವುದನ್ನು ಹೇಳಿ. ಆ ಒಂದು ಸಂಗತಿ ತಿಳಿದ ಡಾಕ್ಟರಿಗೆ ಬಹಳ ಹೇಳುತ್ತದೆ. ಸ್ಟೆಮ್ ಸೆಲ್ ಹಾಕಿ ಆಟಿಸಂ ವಾಸಿ ಮಾಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅದು ವಾಸಿ ಮಾಡುತ್ತದೆ ಅನ್ನಲು ಆಧಾರವಿಲ್ಲ.

ಕೊನೆಗೆ ಹೋಳಿ. ಬಾಗಲಕೋಟೆಯ ಹೋಳಿ ಒಂದೇ ದಿನಕ್ಕೆ ಮುಗಿಯುವುದಲ್ಲ, ಹಲಗೆ ಅದಕ್ಕೂ ಮೊದಲೇ ಶುರುವಾಗುತ್ತದೆ. ಆ ಸದ್ದು ಆಕೆಗೆ ನಿಜವಾಗಿ ನೋವು ಕೊಡುತ್ತದೆ, ರೂಢಿ ಮಾಡಿಸುತ್ತೇನೆ ಅಂತ ಹೊರಗೆ ನಿಲ್ಲಿಸಬೇಡಿ. ಕಿವಿ ಪೂರ್ತಿ ಮುಚ್ಚುವ ದಪ್ಪ ಹೆಡ್‌ಫೋನ್ ಒಂದನ್ನು ಈಗಲೇ ತಂದು ಮನೆಯಲ್ಲಿ ಸುಮ್ನೆ ಇಟ್ಟಿರಿ, ನೀವೂ ಒಮ್ಮೊಮ್ಮೆ ಹಾಕಿಕೊಳ್ಳಿ. ಬಣ್ಣದ ದಿನಗಳಲ್ಲಿ ಊರ ಹೊರಗೆ, ಹಲಗೆ ಕೇಳದ ಹಳ್ಳಿಯಲ್ಲಿ ನೆಂಟರ ಮನೆ ಇದ್ದರೆ ಅಲ್ಲಿಗೆ ಹೋಗಬಹುದು. ಅಲ್ಲಿಗೆ ಹೋಗುವ ಬಸ್ಸುಗಳ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಿ, ಯಾರಿಗೂ ಏನೂ ಹೇಳಬೇಡಿ. ಆಕೆ ಬಂದು ಓದುತ್ತಾಳೆ. ನೀವು ಬರೆದ ವೇಳೆ ತಪ್ಪಿದ್ದರೆ ತಿದ್ದುತ್ತಾಳೆ. ಯಾವ ಬಸ್ಸು ಅನ್ನುವುದನ್ನು ಆಕೆಗೇ ಬಿಡಿ. ಆ ಬೆಳಿಗ್ಗೆ ಚಪ್ಪಲಿ ಹಾಕಲು ಆಗದಿದ್ದರೆ ಮುಂದಿನ ಬಸ್ಸು ಎಷ್ಟು ಗಂಟೆಗೆ ಅಂತಲೂ ಆಕೆಗೆ ಗೊತ್ತಿರುತ್ತದೆ.